ಅಮ್ಮನ ಗುಡಿಯಲ್ಲಿ ಕೊಠಡಿ ಮೇಲ್ವಿಚಾರಣೆ

ಶನಿವಾರದ ಕೊನೆಯ ಪೀರಿಯಡ್ಡನ್ನು ಯಾರಾದರೂ ಪ್ರೀತಿಯಿಂದ ಕೊಟ್ಟರೆ ಅದರ ಹಿಂದೆ ಏನೋ ಇದೆ ಎಂದು ತಿಳಿಯುವಷ್ಟು ವರ್ಷ ನಾನು ಕೆಜಿಎಫ್‌ನ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದ್ದೆ. ಹೆಡ್‌ಮಾಸ್ತರು ಕರೆದು, "ಹತ್ತನೇ ಕ್ಲಾಸಿನ ಮೌಲ್ಯ ಶಿಕ್ಷಣ ನೀವೇ ತಗೊಳ್ಳಿ. ಧರ್ಮ, ತತ್ವಶಾಸ್ತ್ರ, ಎಲ್ಲಾ ಸ್ವಲ್ಪ ಸ್ವಲ್ಪ. ಯಾರಿಗೂ ನೋವಾಗಬಾರದು, ಯಾರೂ ನಿದ್ದೆ ಮಾಡಬಾರದು," ಎಂದರು. ಆಮೇಲೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಹುಡುಗರ ಹತ್ರ ಫೋನ್ ಇರುತ್ತೆ, ನೋಡ್ಕೊಂಡು ಮಾತಾಡಿ," ಎಂದರು. ಜಗತ್ತಿನ ಸಮಸ್ತ ಧರ್ಮಗಳೂ ನನ್ನ ನಲವತ್ತು ನಿಮಿಷದ ಮೇಲೆ ಕಣ್ಣಿಟ್ಟಿವೆ ಎಂಬ ಗಾಂಭೀರ್ಯ ಹೊತ್ತು ಕ್ಲಾಸಿಗೆ ಹೋದೆ.

ಯಾವ ಧರ್ಮವನ್ನೂ ಮುಟ್ಟದಿರುವುದೇ ಕ್ಷೇಮವೆಂದು ತರ್ಕದಿಂದ ಶುರುಮಾಡಿದೆ. ಒಂದು ಸಂಗತಿ ನಿಜವೆಂದು ಹೇಗೆ ಗೊತ್ತಾಗುತ್ತದೆ? ಕಣ್ಣಾರೆ ಕಂಡು, ಇಲ್ಲವೇ ಗುರುತು ನೋಡಿ ಊಹಿಸಿ. ಹೊಗೆ ಕಂಡರೆ ಬೆಂಕಿ ಇದೆ ಎನ್ನಲು ಶಾಸ್ತ್ರದವರಿಗೆ ಹೊಗೆಯಾಡುವ ಬೆಟ್ಟವಿತ್ತು. ನಮ್ಮ ಕಿಟಕಿಗೆ ಕಾಣುವುದು ಸೈನೈಡ್ ದಿಬ್ಬ, ಗಣಿಯವರು ಚಿನ್ನ ತೆಗೆದುಕೊಂಡು ನಮಗೆ ಬಿಟ್ಟುಹೋದ ಪುಡಿಮಣ್ಣಿನ ಗುಡ್ಡ.

"ದಿಬ್ಬದ ಮೇಲೆ ಧೂಳು ಎದ್ದಿದೆ. ಅಂದರೆ?"

"ಗಾಳಿ ಸಾರ್!" ಎಂದಿತು ಕ್ಲಾಸು.

"ದನ ಓಡಿದ್ರೂ ಏಳ್ತದೆ ಸಾರ್," ಎಂದಳು ಮೂರನೇ ಬೆಂಚಿನ ಹುಡುಗಿ. ಬೇತಮಂಗಲದ ಕಡೆಯ ಹಳ್ಳಿಯಿಂದ ಬಸ್ಸಲ್ಲಿ ಬರುತ್ತಿದ್ದವಳು. ನನಗೆ ಸಂತೋಷವಾಯಿತು; ಅದು ತಪ್ಪಾಯಿತು. ಅವಳು ಎದ್ದು ನಿಂತೇ ಮುಂದುವರಿಸಿದಳು. ಅವರ ಊರಲ್ಲಿ ಏನೇ ಕೆಲಸಕ್ಕೂ ಮೊದಲು ಗ್ರಾಮದೇವತೆಯ ಹತ್ತಿರ ಹೂ ಕೇಳುತ್ತಾರೆ. ಅಮ್ಮನ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. "ಪೂಜಾರಿ ಒಂದ್ಕಡೆದ್ನ ಗಟ್ಟಿಯಾಗಿ ಒತ್ತಿದ್ರೆ ಸಾರ್?"

ಪ್ರಶ್ನೆ ಒಳ್ಳೆಯದು, ಮನೆಯಲ್ಲಿ ಕೇಳಬೇಡ ಎಂದೆ. ಅವಳು ಮನೆಯಲ್ಲೇ ಕೇಳಿದಳು. ಪೂಜಾರಿ ಅವಳ ದೊಡ್ಡಪ್ಪನೇ ಎಂಬುದನ್ನು ನನಗೆ ಹೇಳಿರಲಿಲ್ಲ.

ಸೋಮವಾರ ಅವಳಪ್ಪ ಬಂದ. ಕೂಲಿ ಕೆಲಸದವನು, ಒಂದು ದಿನದ ಕೆಲಸ ಬಿಟ್ಟು ಬಂದಿದ್ದಾನೆಂದರೆ ನನ್ನ ಅಪರಾಧ ಸಣ್ಣದಲ್ಲ.

"ದೇವ್ರಿಲ್ಲ ಅಂತ ಏಳ್ಕೊಟ್ರಂತೆ?"

"ಹಾಗೆ ಹೇಳಿಲ್ಲಪ್ಪ. ನೋಡಿ ನಂಬು ಅಂದೆ."

ಅವನು ನನ್ನನ್ನು ಸ್ವಲ್ಪ ಹೊತ್ತು ಅಳೆದ. "ಸರಿ. ಇವ್ಳು ಪಾಸಾದ್ರೆ ಬಂಗಾರಪೇಟೆ ಕಾಲೇಜಿಗೆ ಕಳ್ಸೋದಾ, ಅವರಮ್ಮನ್ ಜೊತೆ ಟೊಮೇಟೊ ಬಿಡ್ಸೋಕೆ ಕಳ್ಸೋದಾ ಅಂತ ಊ ಕೇಳ್ತೀವಿ. ಬಲಗಡೇದು ಬಿದ್ರೆ ಕಾಲೇಜು. ನಾವೆಲ್ಲ ಕಣ್ಮುಚ್ಕೊಂತೀವಿ. ನೀವು ಬಂದು ನೋಡಿ. ನೋಡಿ ಏನ್ ಬಿತ್ತು ಅಂತ ಏಳಿ. ನಿಮ್ ಮಾತೇ ಕೊನೆ."

ಹೀಗೆ, ನಂಬಿಕೆ ಸಾಲದೆಂಬ ಏಕೈಕ ಅರ್ಹತೆಯ ಮೇಲೆ ನಾನು ಅಮ್ಮನವರಿಗೆ ಕೊಠಡಿ ಮೇಲ್ವಿಚಾರಕನಾಗಿ ನೇಮಕಗೊಂಡೆ.

ಅವಳು ಪಾಸಾದಳು, ಫಸ್ಟ್ ಕ್ಲಾಸು. ರಿಸಲ್ಟ್ ಬಂದ ವಾರದ ಶುಕ್ರವಾರ ಬೆಳಿಗ್ಗೆಯೇ ಅವಳ ಊರಿನ ಬಸ್ಸು ಹಿಡಿದೆ. ಪುಟ್ಟ ಗುಡಿ. ಹುಡುಗಿಯ ಅಪ್ಪ, ತಾಯಿ ಹೊಸ್ತಿಲಾಚೆ ನಿಂತಿದ್ದರು. ಪೂಜಾರಿ ಕಣಗಿಲೆ ಹೂಗಳನ್ನು ಚೆಂಬಿನ ನೀರಿಗೆ ಅದ್ದಿ ಭುಜಕ್ಕೆ ಅಂಟಿಸಿದ. ಬಲಗಡೆ ಹೂವಿನ ಮೇಲೆ ಅವನ ಹೆಬ್ಬೆಟ್ಟು ಅರೆಕ್ಷಣ ಹೆಚ್ಚಿಗೆ ನಿಂತಿತೇ? ನಿಂತಿತೆಂದೇ ನನ್ನ ವರದಿ. ಚೆಂಬು ಹಿಡಿದ ಹುಡುಗಿ ಅವನ ಮಗ್ಗುಲಲ್ಲೇ, ಅಮ್ಮನ ಬಲಭುಜದ ಕಡೆ ನಿಂತಿದ್ದಳು. ನಾನು ಇಬ್ಬರ ಕೈಗಳನ್ನೂ ಎವೆಯಿಕ್ಕದೆ ನೋಡಿದೆ. ಪೂಜಾರಿ ನನ್ನನ್ನು ಅಷ್ಟೇ ಶ್ರದ್ಧೆಯಿಂದ ನೋಡಿದ.

"ಸಾರ್ ಜೇಬಲ್ಲಿ ಏನೋ ಮಡಗವ್ರೆ," ಎಂದ ತಮ್ಮನಿಗೆ.

"ಕನ್ನಡಕದ ಡಬ್ಬಿ ಕಣಪ್ಪ," ಎಂದು ತೆಗೆದು ತೋರಿಸಿದೆ.

ಹತ್ತು ನಿಮಿಷ ಯಾವ ಹೂವೂ ಅಲ್ಲಾಡಲಿಲ್ಲ. "ಅಮ್ಮಂಗೆ ಮನಸ್ಸಿಲ್ಲ ಕಣ್ಲಾ, ಬಿಡು," ಎಂದ ಪೂಜಾರಿ. "ಇನ್ನೊಂದ್ಸಲ ಮಂಗಳಾರತಿ ಎತ್ತಣ್ಣ," ಎಂದ ಅಪ್ಪ. ಮಾತಿನಂತೆ ಎಲ್ಲರೂ ಕಣ್ಣು ಮುಚ್ಚಿದರು. ಗಂಟೆ ಮೊಳಗಿತು, ಕರ್ಪೂರ ಭಗ್ ಎಂದಿತು. ಆಗ ನಡೆದದ್ದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಗಂಟೆ ಕೇಳಿದರೆ ಕೈಮುಗಿದು ಕಣ್ಣು ಮುಚ್ಚುವುದು ನನ್ನ ತಾಯಿ ಮೂರು ವರ್ಷಕ್ಕೆ ಕಲಿಸಿದ್ದು. ತರ್ಕ ನಾನು ಕಲಿತದ್ದು ಬಿ.ಎ.ಯಲ್ಲಿ. ಕೈ ತಾನಾಗಿ ಮುಗಿಯಿತು, ಕಣ್ಣು ಮುಚ್ಚಿತು.

ಕಣ್ಣು ಬಿಟ್ಟಾಗ ಬಲಗಡೆ ಹೂ ಕೆಳಗಿತ್ತು. ಎಡಗಡೆಯದು ಅಂಟಿಯೇ ಇತ್ತು. ಅವಳ ಅಪ್ಪ, ತಾಯಿ, ಪೂಜಾರಿ, ಮೂವರೂ ನನ್ನ ಕಡೆ ತಿರುಗಿದ್ದರು. ಹುಡುಗಿ ಮಾತ್ರ ಚೆಂಬಿನೊಳಗೆ ನೋಡುತ್ತಿದ್ದಳು. ಅವಳ ಬೆರಳು ಒದ್ದೆಯಾಗಿತ್ತು. ಚೆಂಬು ಹಿಡಿದವರ ಬೆರಳು ಒದ್ದೆಯಾಗಿರುವುದು ಸಹಜವೂ ಹೌದು.

"ತಾನಾಗೇ ಬಿತ್ತಾ ಸಾರ್? ನೋಡಿದ್ರಾ?"

"ನೋಡಿದೆ," ಎಂದೆ. "ತಾನಾಗೇ ಬಿತ್ತು."

"ಸಾರೇ ನೋಡವ್ರೆ ಅಂದ್ಮೇಲೆ ಮುಗೀತು," ಎಂದ ಅಪ್ಪ. ಪೂಜಾರಿ ತೀರ್ಥ ಕೊಡುವಾಗ ನನ್ನ ಅಂಗೈಯನ್ನು ಎರಡು ಸಲ ನೋಡಿದ.

ಬಸ್ಸಿನುದ್ದಕ್ಕೂ ವಿಚಾರಣೆ ನಡೆಸಿದೆ. ಪೂಜಾರಿಯ ಎರಡೂ ಕೈಯಲ್ಲಿ ಗಂಟೆ, ಆರತಿ. ಅವಳ ಅಪ್ಪ, ತಾಯಿ ಹೊಸ್ತಿಲಾಚೆ. ಉಳಿದವಳು ಒಬ್ಬಳೇ, ಅದೂ ನನ್ನ ಶಿಷ್ಯೆ.

ಟಿ.ಸಿ.ಗೆಂದು ಅಪ್ಪನ ಜೊತೆ ಶಾಲೆಗೆ ಬಂದ ಹುಡುಗಿ ಸ್ಟಾಫ್‌ರೂಮಿನೊಳಕ್ಕೆ ಒಬ್ಬಳೇ ಬಂದಳು. ಕೇಳಿಯೇಬಿಡಬೇಕೆಂದು ಬಾಯಿ ತೆರೆದೆ. ಅವಳೇ ಮೊದಲು, ಪಿಸುದನಿಯಲ್ಲಿ ಕೇಳಿದಳು.

"ಸಾರ್, ಬೈಬಾರ್ದು. ಊ ಬೀಳ್ಸಿದ್ದು ನೀವೇ ತಾನೆ?"

"ನಾನಾ?"

"ಕಣ್ ಬಿಟ್ಕೊಂಡಿದ್ದೋರು ನೀವೊಬ್ರೇ ಅಲ್ವಾ ಸಾರ್. ಅಪ್ಪಂಗೆ ಏಳಲ್ಲ, ಭಯ ಬೀಳ್ಬೇಡಿ."

ನಾನಲ್ಲ ಎನ್ನಬೇಕಾದರೆ ನಾನೂ ಕಣ್ಣು ಮುಚ್ಚಿದ್ದೆ ಎನ್ನಬೇಕು. ಅವಳಪ್ಪ ಬಾಗಿಲಾಚೆಯ ಬೆಂಚಿನ ಮೇಲೆ, ಪಿಸುಗುಟ್ಟಲು ಬಾರದ ನನ್ನ ಮೇಷ್ಟ್ರ ದನಿ ಕೇಳಿಸುವಷ್ಟು ಹತ್ತಿರ ಕೂತಿದ್ದ. ಅವಳ ಮುಖ ನೋಡಿದೆ. ನಿಜವಾಗಿಯೂ ಕೇಳುತ್ತಿದ್ದಾಳೋ, ನನ್ನ ಪ್ರಶ್ನೆಯನ್ನು ಮುಂಚೆಯೇ ಊಹಿಸಿ ದಾರಿ ಕಟ್ಟುತ್ತಿದ್ದಾಳೋ, ಇಷ್ಟು ವರ್ಷ ಮಕ್ಕಳ ಮುಖ ನೋಡಿದವನಿಗೆ ತಿಳಿಯಲಿಲ್ಲ.

ಅವಳು ತಂದಿದ್ದ ಟಿ.ಸಿ.ಯಲ್ಲಿ ನಡತೆ ಎಂಬ ಜಾಗ ಇನ್ನೂ ಖಾಲಿ ಇತ್ತು. 'ಉತ್ತಮ' ಎಂದು ಬರೆದು ಅವಳ ಕೈಗೆ ಕೊಟ್ಟೆ.

"ಹೊತ್ತಾಯ್ತು. ಬಂಗಾರಪೇಟೆ ರೈಲು ಹೋಗುತ್ತೆ, ನಡಿ."