ಮೂಟೆಗಳ ಹಿಂದಿನ ವೈರು

ಬಗ್ಗಿ ನೋಡುವಷ್ಟೇ ಕೆಲಸ. ಅದನ್ನು ನಾನು ಮಾಡಲಿಲ್ಲ.

ಊರುಗೋಲು ಹಿಡಿದು ಹಿಡಿದು ನನ್ನ ಅಕ್ಕನ ಬಲ ಅಂಗೈ ಜಡ್ಡುಗಟ್ಟಿತ್ತು. ಅದೇ ಕೈ ಕೀಬೋರ್ಡಿನ ಮೇಲೆ ಇಳಿದರೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು. ಚಿಕ್ಕಂದಿನಲ್ಲೇ ಅವಳ ಒಂದು ಕಾಲು ಸೋತಿತ್ತು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅವಳು ವೈ.ಎನ್. ಹೊಸಕೋಟೆಯ ನಮ್ಮ ಮನೆಯಲ್ಲೇ ಕೂತು, ಯಾರೋ ಬಳಸಿ ಮಾರಿದ ಕಂಪ್ಯೂಟರಿನಲ್ಲಿ ಟೈಪಿಂಗ್ ಕಲಿತಳು.

ನೆಟ್ ನಿಧಾನವಾದರೆ ಅವಳು ಸಿಡುಕುತ್ತಿರಲಿಲ್ಲ. ನೆಟ್ಟಿನ ಡಬ್ಬಿಯ ಸ್ವಿಚ್ಚು ಆರಿಸಿ, ಬೆರಳ ಗೆಣ್ಣುಗಳ ಮೇಲೆ ಅರವತ್ತು ಎಣಿಸಿ, ಮತ್ತೆ ಹಾಕುವಳು. ನಾನು ಸಿಕ್ಕಿದ್ದೆಲ್ಲ ಕೀಳಲು ಹೋದರೆ ಕೈಮೇಲೆ ಹೊಡೆಯುವಳು. "ಲೇ, ಒಂದೊಂದೇ ನೋಡ್ಬೇಕು ಕಣ್ಲಾ. ಎಲ್ಲಾ ಒಟ್ಗೆ ಕಿತ್ತಾಕ್ಬುಟ್ರೆ ತಪ್ಪು ಎಲ್ಲೈತೆ ಅಂತ ಹೆಂಗ್ ತಿಳೀತದೆ?"

ಆ ವರ್ಷ, ಮನೆಯಲ್ಲೇ ಕೂತು ಮಾಡುವ ಟೈಪಿಂಗ್ ಕೆಲಸವೊಂದಕ್ಕೆ ಅವಳನ್ನು ಪರೀಕ್ಷೆಗೆ ಕರೆದಿದ್ದರು. ಹನ್ನೊಂದು ಗಂಟೆಗೆ, ಕಂಪ್ಯೂಟರಿನಲ್ಲಿ, ಒಂದೇ ಸಲ. "ಕೆಲ್ಸ ಸಿಕ್ರೆ ಸೋಪಿಗೂ ನಿನ್ನ ಕೇಳೋದು ತಪ್ತದೆ" ಎಂದು ನಕ್ಕಿದ್ದಳು.

ಪರೀಕ್ಷೆಯ ಹಿಂದಿನ ದಿನವಷ್ಟೇ ನಾನು ಬಿತ್ತನೆ ಕಡಲೆಕಾಯಿ ಮೂಟೆಗಳನ್ನು, ತೇವ ತಾಗದಿರಲಿ ಎಂದು ಅವಳ ಕೋಣೆಯ ಗೋಡೆಗೆ ಒಟ್ಟಿದ್ದೆ. ಬೆಳಿಗ್ಗೆ ನೆಟ್ ತೆವಳತೊಡಗಿತು. ಡಬ್ಬಿ ಆರಿಸಿ ಎಣಿಸಿದಳು. ನನ್ನ ಫೋನು ಇಸಿದುಕೊಂಡು, ಡಬ್ಬಿಯ ವೈಫೈಗೆ ಸೇರಿಸಿ ನೋಡಿದಳು. ಅದರಲ್ಲಿ ಚೆನ್ನಾಗಿ ಓಡಿತು. ಆ ಹಳೇ ಕಂಪ್ಯೂಟರಿಗೆ ಮಾತ್ರ ವೈರಿನಿಂದಲೇ ನೆಟ್ ಬರಬೇಕು.

"ಲೈನು ಸರಿಯೈತೆ. ಉಳಿದಿದ್ದು ಈ ವೈರೊಂದೇ. ಮೂಟೆ ಅದರ ಮ್ಯಾಲೆ ಕೂತಿಲ್ಲ ತಾನೆ? ಒಸಿ ನೋಡ್ಲಾ."

ನನಗೆ ಶಿರಾ ಬಸ್ಸಿನ ಹೊತ್ತಾಗಿತ್ತು. "ಆಗ್ಲೇ ನೋಡ್ದೆ ಕಣಕ್ಕ. ಏನೂ ಇಲ್ಲ" ಎಂದೆ. ನೋಡಿರಲಿಲ್ಲ. ಮೂಟೆ ಸರಿಸುವುದು ಅವಳಿಂದಾಗದು. ನನ್ನ ಮಾತನ್ನು ನಂಬಿದಳು.

ಸಂಜೆ ಬಂದಾಗ ಪರದೆ ಆರಿತ್ತು. "ಒಂದಕ್ಷರ ಹೊಡುದ್ರೆ ಪರದೆ ಮ್ಯಾಲೆ ಚಕ್ರ ಹತ್ತು ಸಲ ಸುತ್ತೋದು. ಅರ್ಧಕ್ಕೇ ಟೈಮ್ ಆಗೋಯ್ತು. ನನ್ ಕಂಪ್ಯೂಟ್ರೂ ನನ್ನಂಗೇ ಕುಂಟು, ಬುಡು."

ಬಿತ್ತನೆಗೆ ಮೂಟೆ ಹೊತ್ತಾಗ ವೈರು ಕಂಡಿತು. ಕೆಳಗಿನ ಮೂಟೆಯ ಅಡಿಯಲ್ಲಿ ಅದು ಹಪ್ಪಳದಂತೆ ಚಪ್ಪಟೆಯಾಗಿತ್ತು. ಅವಳು ಸ್ನಾನಕ್ಕೆ ಹೋಗಿದ್ದಾಗ ಹೊಸದು ಹಾಕಿದೆ. ಬಂದು ಕೂತವಳು, "ನೋಡ್ಲಾ, ತಾನಾಗೇ ಸರಿಹೋಗ್ಬುಟ್ಟೈತೆ" ಎಂದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಅವಳು ಮತ್ತೆ ಯಾವ ಪರೀಕ್ಷೆಗೂ ಕೂರಲಿಲ್ಲ. ಎರಡು ವರ್ಷಕ್ಕೆ ಕಾಮಾಲೆಯಿಂದ ತೀರಿಕೊಂಡಳು.

ನೆಟ್ ತೆಗೆಸಲು ನನಗೆ ಮನಸ್ಸು ಬಂದಿಲ್ಲ. ಆ ಕೋಣೆಯಲ್ಲಿ ಡಬ್ಬಿಯ ಹಸಿರು ದೀಪ ಯಾರಿಗೂ ಬೇಡದೆ ಮಿನುಗುತ್ತಿರುತ್ತದೆ. ಕರೆಂಟು ಹೋದಾಗ ಬಾಗಿಲ ಬಳಿ ನಿಲ್ಲುತ್ತೇನೆ. ಒಳಗೆ ಯಾರೋ ಮೆಲ್ಲಗೆ ಎಣಿಸುತ್ತಿದ್ದಾರೆ ಅನ್ನಿಸುತ್ತದೆ. ಅರವತ್ತು ದಾಟಿದರೂ ಆ ಎಣಿಕೆ ನಿಲ್ಲುವುದಿಲ್ಲ.

ಮೊನ್ನೆ ನಾನೇ ಒಳಗೆ ಹೋಗಿ ಸ್ವಿಚ್ಚು ಆರಿಸಿದೆ. ಗೆಣ್ಣುಗಳ ಮೇಲೆ ಅರವತ್ತು ಎಣಿಸಿದೆ. ಮತ್ತೆ ಹಾಕುವ ಮೊದಲು, ಅವಳ ಕುರ್ಚಿಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದೆ:

"ಅಕ್ಕಾ, ಮೂಟೆ ವೈರಿನ ಮ್ಯಾಲೇ ಇತ್ತು. ನಾನು ನೋಡಿರ್ಲಿಲ್ಲ. ನಿನ್ನ ಕಂಪ್ಯೂಟ್ರು ಕುಂಟಾಗಿರ್ಲಿಲ್ಲ ಕಣಕ್ಕ. ತಪ್ಪಾಯ್ತು."