ಭಂಡಾರದ ಕೆಳಗೆ ಅಳಿಸಿಹೋದ ಗೆರೆ

ಬೀರಪ್ಪನನ್ನು ನಂಬಿದ ಎಲ್ಲರಿಗೂ ದಿಗ್ಗೇವಾಡಿಯ ಕುರುಬರ ಮನೆಯ ಈ ಬಾಯಿಬಡಕನ ಶರಣು. ಊರಮಂದಿಯ ದನಿ, ನಡಿಗೆ ಎಲ್ಲ ಮಾಡಿ ತೋರಿಸುವವ ನಾನು. ೧೯೯೪ರ ಬೇಸಿಗೆಯಲ್ಲಿ ಅಪ್ಪನ ಕೆಮ್ಮು ಮಾಡಿ ಅಪ್ಪನನ್ನೇ ನಗಿಸುತ್ತಿದ್ದೆ. ಅಪ್ಪನ ಕೆಮ್ಮಿನಲ್ಲಿ ರಕ್ತ ಬಂದ ದಿನ ಬಿಟ್ಟೆ.

ಮಿರಜದ ಡಾಕ್ಟರು ಶ್ವಾಸಕೋಶದ ಕ್ಯಾನ್ಸರ್ ಅಂದರು. ಆಪರೇಶನ್ ಆಗುವುದಿಲ್ಲ, ರೇಡಿಯೇಶನ್ನಿನ ಕರೆಂಟು ಮತ್ತು ಸಲಾಯಿನ್ನಿನಲ್ಲಿ ಬಿಡುವ ಔಷಧ ಎರಡೂ ಕೂಡಿಯೇ ಕೊಡಬೇಕು, ನಡುವೆ ಬಿಡಬಾರದು. ಕರೆಂಟು ಬೀಳುವ ಜಾಗ ತಿಳಿಯಲೆಂದು ಎದೆಯ ಮೇಲೆ ನೇರಳೆ ಶಾಯಿಯ ಗೆರೆ ಎಳೆದು, "ನೀರ ತಾಗಸಬ್ಯಾಡ್ರಿ" ಎಂದು ಕಳಿಸಿದರು.

ಔಷಧಕ್ಕೆ ವಾಂತಿ, ಕರೆಂಟಿಗೆ ಗಂಟಲುರಿ. ಗಂಜಿ ನುಂಗಲಿಕ್ಕೂ ಅಪ್ಪ ಕಣ್ಣೀರು ಹಾಕುತ್ತಿದ್ದ. ರವಿವಾರ ಕರೆಂಟು ಕೊಡುತ್ತಿರಲಿಲ್ಲ, ಮಿರಜದಿಂದ ಬಸ್ಸು ಹತ್ತಿ ಊರಿಗೆ ಬರುತ್ತಿದ್ದೆವು. ಅದು ಬೀರಪ್ಪನ ವಾರ. ಮೈ ತೊಳೆದು ಅರಿಷಿಣದ ಭಂಡಾರ ಹಚ್ಚದೆ ನಮ್ಮಲ್ಲಿ ಯಾರೂ ಗುಡಿಗೆ ಹೋಗುವುದಿಲ್ಲ. ಮೊದಲೆರಡು ವಾರ ಗೆರೆಗೆ ಅಂಜಿ ಅಪ್ಪನನ್ನು ಮನೆಯಲ್ಲೇ ಬಿಟ್ಟಿದ್ದೆವು; ಮೂರನೇ ವಾರ ಅವ್ವ ಭಕ್ತಿಯ ಭರದಲ್ಲಿ ಅವನಿಗೆ ಎಣ್ಣೆ ತಿಕ್ಕಿ, ನೀರೆರೆದು, ಎದೆತುಂಬ ಭಂಡಾರ ಬಳಿದಳು. ಅರಿಷಿಣದ ಪುಡಿಯ ಕೆಳಗೆ ಗೆರೆಯೇ ಇರಲಿಲ್ಲ.

"ದೇವರ ಅಳಿಸ್ಯಾನ," ಎಂದ ಅಪ್ಪ. "ಸಾಕ ಅಂದಂಗಾತು. ನಾಳೆ ನಾ ಬರಾಂಗಿಲ್ಲ."

ಅವ್ವ ಕಾಲು ಹಿಡಿದರೂ ಕೇಳಲಿಲ್ಲ. ಗುಡಿಗೆ ಹೋಗಿ ಕಣ್ಣು ಮುಚ್ಚಿ ಕೂತುಬಿಟ್ಟ. ತಂಗಿ ನನ್ನ ಅಂಗಿ ಜಗ್ಗಿದಳು: "ಅಣ್ಣಾ, ಪೂಜಾರಿ ಕಾಕಾಗ ದೇವರ ಬಂದಾಗಿನ ದನಿ ನಿನಗ ಬರ್ತೈತಲ್ಲ. ಗ್ವಾಡಿ ಹಿಂದ ನಿಂತ 'ಮಿರಜಿಗೆ ಹೋಗೋ ಮಗನ' ಅನ್ನೋ."

ನಿಂತೆ. ಬಾಯಿಯೂ ತೆರೆದೆ. ಆದರೆ ಒಳಗೆ ಅಪ್ಪ ನಿಜವಾಗಿ ದೇವರ ಮಾತಿಗೆ ಕಾಯುತ್ತ ಕೂತಿದ್ದ. 'ಬೀರಪ್ಪಾ, ನಿನ್ನ ಸೋಗು ನನಗ ಬ್ಯಾಡ. ನೀನ ಏನರ ಮಾಡು' ಎಂದು ಬೇಡಿಕೊಂಡೆ. ಬಂದದ್ದು ಅಳು. ಅದೂ ಚಂದನೆಯ ಅಳುವಲ್ಲ, ಹಸಿದ ಎಮ್ಮೆಕರು ಒದರಿದಂತೆ.

ಅಪ್ಪ ಗೋಡೆ ಹಿಡಿದು ಬಂದ. "ಇದ್ಯಾರ ಸೋಗಲೇ? ನಿಮ್ಮ ಅತ್ತಿದೇನ?"

"ಇದ ನಂದ, ಅಪ್ಪಾ."

ಅಪ್ಪ ತನ್ನ ಟವೆಲಿನಿಂದ ನನ್ನ ಮೂಗು ಒರೆಸಿದ. "ಉಣ್ಣೆ ಕತ್ತರಸೂ ಮುಂದ ಕುರಿ ತೊಳದ್ರ ಬೆನ್ನಿನ ಗುರುತಿನ ಬಣ್ಣ ಹೋಗ್ತೈತಿ. ಹಂಗಂತ ಕುರಿ ಬಿಡತೀವೇನ? ಮತ್ತ ಹಚ್ಚತೀವಿ. ನಡಿ, ಮುಂಜಾನಿ ಬಸ್ಸಿಗೆ ಹೋಗೂಣು."

ಡಾಕ್ಟರು ಬೈದರು, ಹೊಸ ಗೆರೆ ಎಳೆದರು. ಚಿಕಿತ್ಸೆ ಪೂರಾ ಆಯಿತು, ಗಂಟು ಕರಗಿತು. ಮೂರು ವರ್ಷವಾಯಿತು, ಅಪ್ಪ ಕೃಷ್ಣೆಯ ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದಾನೆ.

ಕರೆಂಟು ಡಾಕ್ಟರದು, ಔಷಧ ಡಾಕ್ಟರದು. ಆದರೆ ಅಂದು ಅಪ್ಪ ಕೂತಲ್ಲಿಂದ ಎದ್ದದ್ದು ನಿನ್ನದು, ಬೀರಪ್ಪಾ.