ಮೂರು ಮೆಟ್ಟಿಲಿಗೊಂದು ಲ್ಯಾಂಪು

ನಮ್ಮ ಕಚೇರಿಯಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದವರು ಒಬ್ಬರೇ ಎಂದು ನಾನು ಹೇಳಿದರೆ, ಆ ಕಾಲದ ನನ್ನ ಸಹೋದ್ಯೋಗಿಗಳು ಇವನು ತನ್ನನ್ನೇ ಹೊಗಳಿಕೊಳ್ಳುತ್ತಿದ್ದಾನೆಂದು ತಿಳಿದು ಜಗಳಕ್ಕೆ ಬಂದಾರು. ಗಾಬರಿ ಬೇಡ. ನಾನು ಹೇಳಹೊರಟಿರುವುದು ಟಪಾಲಕ್ಕನ ವಿಚಾರ.

ಮೊದಲು ಕಟ್ಟಡವನ್ನು ಹೇಳಿಬಿಡುತ್ತೇನೆ. ನೆಲಮಹಡಿಯಲ್ಲಿ ಅಭಿವೃದ್ಧಿ ಮಂಡಳಿ. ಅಲ್ಲಿ ಎಂಜಿನಿಯರ್ ಸಾಹೇಬರು. ಮೇಲ್ಮಹಡಿಯಲ್ಲಿ ಕಲ್ಯಾಣ ಕಚೇರಿ. ಅಲ್ಲಿ ಮೇಡಂ, ಅವರ ಕೈಕೆಳಗೆ ಹೊಸದಾಗಿ ಸೇರಿದ ಗುಮಾಸ್ತನಾಗಿ ನಾನು. ಹಿಂದುಗಡೆ, ಒಂದು ಕಾಲಕ್ಕೆ ಸೈಕಲ್ ಸ್ಟ್ಯಾಂಡಾಗಿದ್ದ ಕೋಣೆಯಲ್ಲಿ ಒಂದು ಸೇವಾಸಂಸ್ಥೆ. ಅದನ್ನು ನಡೆಸುತ್ತಿದ್ದವರು ನಿವೃತ್ತ ಕನ್ನಡ ಮೇಷ್ಟ್ರು. ಊರಿನ ಯಾರೊಬ್ಬರೂ ಹೊರಗುಳಿಯಬಾರದು ಎಂಬ ಉದಾತ್ತ ಉದ್ದೇಶದಿಂದ ಈ ಮೂವರಿಗೂ ಸೇರಿ ಒಂದು ಸಮನ್ವಯ ಸಮಿತಿ ಇತ್ತು. ಮೂರು ತಿಂಗಳಿಗೊಮ್ಮೆ ಅದರ ಸಭೆ. ಸಭೆಗೆ ಯಾವಾಗಲೂ ಇಬ್ಬರು ಬರುತ್ತಿದ್ದರು, ಮೂರನೆಯವರಿಗಾಗಿ ಕಾದು ಟೀ ಕುಡಿದು ಏಳುತ್ತಿದ್ದರು. ಆ ಮೂರನೆಯವರು ಯಾರು ಎಂಬುದು ಮಾತ್ರ ಪ್ರತಿಸಲ ಬದಲಾಗುತ್ತಿತ್ತು. ಸಮನ್ವಯವೆಂದರೆ ಅಷ್ಟೇ ಇತ್ತು.

ಉಳಿದದ್ದೆಲ್ಲ ಪತ್ರದಲ್ಲಿ. ಮೇಲಿನಿಂದ ಕೂಗಿದರೆ ಕೆಳಗೆ ಕೇಳುವಷ್ಟು ದೂರ, ನಿಜ. ಆದರೆ ಹೊರಹೋಗುವ ಪತ್ರಕ್ಕೆ ಹಾಕುವ ಜಾವಕ ಸಂಖ್ಯೆಯನ್ನು ಕೂಗಿಗೆ ಹಾಕಲು ಬರುವುದಿಲ್ಲವಲ್ಲ! ಹಾಗಾಗಿ ಪತ್ರ ಬರೆದು, ಟೈಪಾಗಿ, ಸಹಿಯಾಗಿ, ಲಕೋಟೆಗೆ ಹೋಗಿ, ಟಪಾಲಕ್ಕನ ಕೈಗೆ ಬೀಳುತ್ತಿತ್ತು.

ಟಪಾಲಕ್ಕ ಮೂರೂ ಕಡೆಗೆ ಸೇರಿದವರು, ಅಂದರೆ ಯಾರೂ ಅವರಿಗೆ ಕುರ್ಚಿ ಕೊಟ್ಟಿರಲಿಲ್ಲ. ಮೆಟ್ಟಿಲು ತಿರುಗುವ ಜಾಗದಲ್ಲಿ, ಕಿಟಕಿಯ ಕೆಳಗೆ, ಒಂದು ಮುರುಕು ಸ್ಟೂಲು ಅವರ ಪ್ರಧಾನ ಕಚೇರಿ. ಬಗಲಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಮುದ್ದಾಂ ಪುಸ್ತಕ. ಕೈಯಿಂದ ಕೈಗೆ ಕೊಟ್ಟ ಪತ್ರಕ್ಕೆ ಪಡೆದವರು ಸಹಿ ಹಾಕುವ ಪುಸ್ತಕ ಅದು. ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಪೆನ್ನು ಕದಿಯುವವರು ಕಚೇರಿಯ ಒಳಗಿನವರೇ ಎಂಬ ಸತ್ಯ ಅವರಿಗೆ ಮೊದಲ ವಾರದಲ್ಲೇ ಗೊತ್ತಾಗಿತ್ತಂತೆ.

ಅವರದೊಂದು ನಿಯಮ. ಯಾರೂ ಓದದೆ ಸಹಿ ಹಾಕುವಂತಿಲ್ಲ.

"ಬಿಚ್ಚಿ ಓದಿ ಸ್ವಾಮಿ. ನಾನು ಇಪ್ಪತ್ತೆರಡು ಮೆಟ್ಟಿಲು ಹತ್ತಿ ತಂದಿದ್ದೀನಿ, ನೀವು ನಾಲ್ಕು ಸಾಲು ಇಳಿಯಕ್ಕಾಗಲ್ವಾ?"

ಎಂಜಿನಿಯರ್ ಸಾಹೇಬರಂಥವರೂ ಕನ್ನಡಕ ಹುಡುಕುತ್ತಿದ್ದರು.

ಟಪಾಲಕ್ಕನ ತಂಗಿಯನ್ನು ಮೊದಲು ನೋಡಿದ್ದು ನಾನು ಕೆಲಸಕ್ಕೆ ಸೇರಿದ ತಿಂಗಳು. ಚಿಕ್ಕಂದಿನ ಜ್ವರದಲ್ಲಿ ಎರಡೂ ಕಾಲು ಹೋಗಿದ್ದವು. ಮೇಷ್ಟ್ರ ಸಂಸ್ಥೆ ಒಂದು ಗಾಲಿಕುರ್ಚಿ ಕೊಟ್ಟಿತ್ತು. ಕೊರಳಲ್ಲಿ ಸದಾ ಅಳತೆಯ ಟೇಪು. ಮನೆಯಲ್ಲೇ ಕೂತು ರವಿಕೆಗೆ ಗುಂಡಿ ಕಟ್ಟುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಒಂದೇ. ಅಂಗಳದ ಮೂಲೆಯ ಸಭಾಂಗಣದಲ್ಲಿ ಕಲ್ಯಾಣ ಕಚೇರಿಯವರು ನಡೆಸುತ್ತಿದ್ದ ಆರು ತಿಂಗಳ ಹೊಲಿಗೆ ತರಗತಿಗೆ ಸೇರಿ, ಕತ್ತರಿ ಕೆಲಸ ಪೂರ್ತಿ ಕಲಿಯಬೇಕು. ಪಟ್ಟಿಯಲ್ಲಿ ಹೆಸರೂ ಇತ್ತು. ಅಡ್ಡವಿದ್ದದ್ದು ಸಭಾಂಗಣದ ಬಾಗಿಲಿನ ಮೂರು ಮೆಟ್ಟಿಲು.

"ನಾಲ್ಕು ಜನ ಹಿಡಿದು ಎತ್ತಿದರಾಯ್ತಪ್ಪ" ಎಂದು ಎಲ್ಲರೂ ಹೇಳುತ್ತಿದ್ದರು. ತಂಗಿ ಒಪ್ಪುತ್ತಿರಲಿಲ್ಲ. ಹುಟ್ಟಿದಂದಿನಿಂದ ಅಕ್ಕನ ಸೊಂಟದ ಮೇಲೆ ಬೆಳೆದವಳು. ಇನ್ನು ಎತ್ತಿಸಿಕೊಳ್ಳುವುದಿಲ್ಲ ಎಂದರೆ ಇಲ್ಲ. ಹೀಗೆ ಎರಡು ತಂಡ ಮುಗಿದವು. ಮೂರನೆಯದಕ್ಕೂ ಗೈರಾದರೆ ಹೆಸರು ಹೊಡೆದುಹಾಕಿ, ಮತ್ತೆ ಸೇರಿಸುವುದಿಲ್ಲ ಎಂಬುದು ಕಾನೂನು.

ಸಭಾಂಗಣ ಮಂಡಳಿಯದು, ತರಗತಿ ಕಲ್ಯಾಣದ್ದು, ಕಲಿಯುವವರನ್ನು ಕಳಿಸುವುದು ಸಂಸ್ಥೆ. ಮೂವರೂ ಕೂಡದೆ ಒಂದು ಇಟ್ಟಿಗೆ ಅಲುಗುವಂತಿರಲಿಲ್ಲ. ಮೇಷ್ಟ್ರು ಮೇಡಂಗೆ ಬರೆದರು. ಮೇಡಂ ಸಾಹೇಬರಿಗೆ ಬರೆದರು. ಸಾಹೇಬರು "ಸೂಕ್ತ ಕ್ರಮಕ್ಕಾಗಿ" ಎಂದು ಮೇಷ್ಟ್ರಿಗೇ ಕಳಿಸಿದರು. ಟಪಾಲಕ್ಕ ತನ್ನ ತಂಗಿಯ ಕಾಗದವನ್ನು ತಾನೇ ಹೊತ್ತು ವರ್ಷಕ್ಕೂ ಮೀರಿ ಹತ್ತಿ ಇಳಿದರು. ಒಂದು ದಿನವೂ "ಇದು ನಮ್ಮ ಮನೇದು, ಸ್ವಲ್ಪ ಬೇಗ ನೋಡಿ" ಎಂದು ಬಾಯಿಬಿಡಲಿಲ್ಲ. ಕೇಳಿದ್ದಕ್ಕೆ, "ಎಲ್ಲಾ ಕಾಗದವೂ ಯಾರದೋ ಮನೇದೇ ಅಲ್ವಾ?" ಎಂದಿದ್ದರು.

ಕೊನೆಗೂ ಸಾಹೇಬರು ಮನಸ್ಸು ಮಾಡಿ, ಏನು ಕಟ್ಟಬೇಕೆಂದು ಒಂದೇ ವಾಕ್ಯದಲ್ಲಿ ಸ್ಪಷ್ಟವಾಗಿ ಬರೆದು ಕೊಡಿ ಎಂದರು. ಮೇಡಂ ಬರೆದರು. ಇಲ್ಲಿ ನನ್ನ ಪ್ರವೇಶ.

ನನ್ನ ಕೆಲಸ ಟೈಪಾದ ಪತ್ರವನ್ನು ಕರಡಿನ ಜೊತೆ ತಾಳೆ ನೋಡುವುದು. ಮೇಡಂ ಕೈಬರಹವೋ, ಸಕ್ಕರೆ ಕಂಡ ಇರುವೆಗಳ ಸಾಲು. ಅವರು ಬರೆದದ್ದು "ರ‍್ಯಾಂಪು". ನಮ್ಮ ಹಳೆಯ ಕನ್ನಡ ಟೈಪ್‌ರೈಟರಿನಲ್ಲಿ ರಕಾರಕ್ಕೆ ಯ ಒತ್ತು ಕೊಡಲು ಹೋದರೆ, ರಕಾರವೇ ಅರ್ಕಾವೊತ್ತಾಗಿ ಪಕ್ಕಕ್ಕೆ ಓಡಿಹೋಗುತ್ತಿತ್ತು. ಕಾಗದದ ಮೇಲೆ ಮೂಡಿದ ಆ ಪ್ರಾಣಿಯನ್ನು ಓದಲು ಯಾವ ನಾಲಿಗೆಗೂ ಸಾಧ್ಯವಿರಲಿಲ್ಲ. ರ‍್ಯಾಂಪು ಎಂಬ ಪದಾರ್ಥವನ್ನು, ಅಂದರೆ ಗಾಲಿ ಹತ್ತುವ ಇಳಿಜಾರನ್ನು, ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. "ಸಭಾಂಗಣದ ಮೂರು ಮೆಟ್ಟಿಲುಗಳ ಬಳಿ ಅಂಗವಿಕಲರ ಅನುಕೂಲಕ್ಕಾಗಿ ಒಂದು..." ಏನಿರಬಹುದು? ಮೆಟ್ಟಿಲ ಬಳಿ ಏನು ಬೇಕು? ಬೆಳಕು! ನನ್ನ ಬುದ್ಧಿಗೆ ನಾನೇ ತಲೆದೂಗಿ, ಪತ್ರದಲ್ಲೂ ಅದರ ಕಾರ್ಬನ್ ಪ್ರತಿಯಲ್ಲೂ ನನ್ನ ಹೊಸ ಪೆನ್ನಿನ ನೀಲಿ ಶಾಯಿಯಿಂದ "ಲ್ಯಾಂಪು" ಎಂದು ತಿದ್ದಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, ಮೇಡಂ ಸಹಿ ತೆಗೆದುಕೊಂಡು, ಲಕೋಟೆ ಅಂಟಿಸಿ ಟಪಾಲಕ್ಕನ ಕೈಗಿಟ್ಟೆ.

ಮಂಡಳಿಯ ಇತಿಹಾಸದಲ್ಲೇ ಅಷ್ಟು ಚುರುಕಾಗಿ ಯಾವ ಕೆಲಸವೂ ಆಗಿರಲಿಕ್ಕಿಲ್ಲ. ಹದಿನೈದೇ ದಿನದಲ್ಲಿ ಮೆಟ್ಟಿಲ ಪಕ್ಕ ಕಬ್ಬಿಣದ ಕಂಬ ಎದ್ದಿತು, ಅದರ ಮೇಲೆ ಕುಂಬಳಕಾಯಿ ಗಾತ್ರದ ಗಾಜಿನ ಬುರುಡೆ. ಕೆಳಗೆ ಮೂರೂ ಕಚೇರಿಗಳ ಹೆಸರಿನ ಕಲ್ಲು. ಉದ್ಘಾಟನೆಯವರೆಗೂ ಅಷ್ಟೂ ಟಾರ್ಪಾಲಿನ ಮರೆಯಲ್ಲಿತ್ತು.

ಉದ್ಘಾಟನೆಯ ಸಂಜೆ ಟಪಾಲಕ್ಕ ತಂಗಿಗೆ ಹೊಸ ಸೀರೆ ಉಡಿಸಿ, ಕುರ್ಚಿ ತಳ್ಳಿಕೊಂಡು ಬಂದರು. ಮೇಡಂ ರಜೆಯಲ್ಲಿದ್ದರು, ಮೇಷ್ಟ್ರು ಬೇರೆ ಊರಿನಲ್ಲಿ. ಸಾಹೇಬರು ಒಬ್ಬರೇ ಮರೆ ಸರಿಸಿ ಗುಂಡಿ ಒತ್ತಿದರು. ಮೆಟ್ಟಿಲುಗಳ ಮೇಲೆ ಹಾಲು ಚೆಲ್ಲಿದಂತೆ ಬೆಳಕು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಎಲ್ಲರಿಗಿಂತ ಜೋರಾಗಿ ನಾನು.

ತಂಗಿ ಮೆಟ್ಟಿಲು ನೋಡಿದಳು, ಬುರುಡೆ ನೋಡಿದಳು.

"ಅಕ್ಕಾ, ನಾನು ಹತ್ತಕ್ಕಾಗಲ್ಲ ಅನ್ನೋದು ಇನ್ಮೇಲೆ ರಸ್ತೆವರೆಗೂ ಕಾಣುತ್ತೆ" ಎಂದು ನಕ್ಕಳು. ಟಪಾಲಕ್ಕ ನಗಲಿಲ್ಲ.

ಮಾರನೆಯ ಬೆಳಿಗ್ಗೆ ಕಚೇರಿ ಬಾಗಿಲು ತೆಗೆಯುವ ಹೊತ್ತಿಗೇ ನನ್ನ ಮೇಜಿನ ಮುಂದೆ ನಿಂತಿದ್ದರು.

"ಮರಿ ಗುಮಾಸ್ತ್ರೇ, ಆ ಕಾಗದದ ಕಾರ್ಬನ್ ಪ್ರತಿ ತೆಗೀರಿ."

ತೆಗೆದೆ. ಅವರ ಬೆರಳು ಒಂದೊಂದೇ ಪದದ ಮೇಲೆ ನಡೆದು ಒಂದು ಕಡೆ ನಿಂತಿತು.

"ಈ ನೀಲಿ ಯಾರದು?"

ಆಗಲೇ ನನಗೆ ಎಲ್ಲವೂ ಹೊಳೆದದ್ದು. ಕುರ್ಚಿಯೊಳಗೇ ಇಂಗಿಹೋಗುವಂತಾಯಿತು. ನನ್ನ ಜೇಬಿನಲ್ಲಿ ಆ ಪೆನ್ನು ಹಲ್ಲು ಕಿರಿಯುತ್ತಿತ್ತು.

"ಅಕ್ಕಾ... ಅಕ್ಷರ ಸರಿ ಕಾಣ್ಲಿಲ್ಲ."

"ಕಾಣದಿದ್ರೆ ಕೇಳಬೇಕಪ್ಪ. ಮೇಡಂ ಕೂತಿರೋದು ಇಲ್ಲಿಂದ ಆರು ಹೆಜ್ಜೆ."

"ಯಾರಿಗೂ ಹೇಳಬೇಡಿ ಅಕ್ಕಾ. ನನ್ನದಿನ್ನೂ ಪ್ರೊಬೇಷನ್ನು. ಎರಡು ವರ್ಷ ಕಪ್ಪು ಚುಕ್ಕೆ ಇರಬಾರದು."

"ನಿಮ್ಮ ಪ್ರೊಬೇಷನ್ ಎರಡು ವರ್ಷ" ಎಂದರು ಟಪಾಲಕ್ಕ. ದನಿ ಏರಿಸಲೂ ಇಲ್ಲ. "ನನ್ನ ತಂಗೀದು ಮೂವತ್ತೊಂದು ವರ್ಷ ಆಯ್ತು. ಹತ್ತು ದಿನಕ್ಕೆ ಹೊಸ ತಂಡ ಶುರು. ನಾನಂತೂ ಯಾರಿಗೂ ಹೇಳಲ್ಲ. ನೀವೇ ಹೇಳಿ."

ನಾನು ಬಾಯಿ ಬಿಡಲಿಲ್ಲ. ಒಂದು ದಿನ, ಎರಡು ದಿನ. ಟಪಾಲಕ್ಕ ಎಂದಿನಂತೆ ಬಂದು ಪುಸ್ತಕ ಮುಂದಿಡುತ್ತಿದ್ದರು. "ಓದಿ ಸೈನ್ ಮಾಡಿ" ಎನ್ನುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಬೈದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಮೂರನೆಯ ದಿನ, ಮೇಡಂ, ಮೇಷ್ಟ್ರು ಇಬ್ಬರೂ ಮರಳಿ ಬಂದದ್ದೇ, ಟಪಾಲಕ್ಕ ತಮ್ಮ ಸೇವಾವಧಿಯ ಏಕೈಕ ಸುಳ್ಳು ಹೇಳಿದರು. ಅದೇ ಸುಳ್ಳನ್ನು ಮೂರು ಸಲ. ಕೆಳಗೆ ಸಾಹೇಬರಿಗೆ, "ಮೇಡಂ, ಮೇಷ್ಟ್ರು ಸಭಾಂಗಣದ ಹತ್ರ ನಿಮಗೇ ಕಾಯ್ತಿದ್ದಾರೆ." ಮೇಲೆ ಮೇಡಂಗೆ, "ಸಾಹೇಬ್ರು, ಮೇಷ್ಟ್ರು ಕಾಯ್ತಿದ್ದಾರೆ." ಹಿಂದುಗಡೆ ಮೇಷ್ಟ್ರಿಗೂ ಅದೇ. ತಮ್ಮೊಬ್ಬರನ್ನು ಬಿಟ್ಟು ಉಳಿದಿಬ್ಬರೂ ಬಂದಿದ್ದಾರೆ ಎಂದರೆ ಯಾರು ತಾನೇ ಕೂತಾರು? ಐದು ನಿಮಿಷದಲ್ಲಿ ಮೂವರೂ ಲ್ಯಾಂಪಿನ ಕೆಳಗೆ. ಯಾರು ಸಭೆ ಕರೆದದ್ದೆಂದು ಯಾರೂ ಕೇಳಲಿಲ್ಲ; ಕೇಳಿದರೆ ತಮಗೆ ನೋಟೀಸು ಬಂದಿಲ್ಲವೆಂದು ಗೊತ್ತಾಗಿಬಿಡುತ್ತದಲ್ಲ. ಕಡತ ಹಿಡಿದು ನಾನು ಮೇಡಂ ಹಿಂದೆ. ಮೆಟ್ಟಿಲ ಬುಡದಲ್ಲಿ ತಂಗಿ, ಕುರ್ಚಿಯಲ್ಲಿ.

"ಕಾಮಗಾರಿ ಮುಗಿದಿದೆ. ಕಡತ ಮುಚ್ಚಿದ್ದೀವಿ" ಎಂದರು ಸಾಹೇಬರು.

"ಏನು ಮುಗಿದಿರೋದು? ನಾನು ಬರೆದದ್ದು ರ‍್ಯಾಂಪು!" ಎಂದರು ಮೇಡಂ.

"ಲ್ಯಾಂಪು ಅಂತಲೇ ಬಂದಿದೆ ಮೇಡಂ, ನಿಮ್ಮ ಸಹಿ ಇದೆ."

"ಅಲ್ಲಿಗೆ ನಮ್ಮ ಹುಡುಗಿ ಹೆಸರು ಹೊಡೆದುಹಾಕೋದೇ ಸಮನ್ವಯ ಅನ್ನಿ" ಎಂದರು ಮೇಷ್ಟ್ರು.

ಮೂವರಿಗೂ ಮುಖ ಕೆಂಪಾಯಿತು. ಆದರೂ ಸಂಕೋಚಕ್ಕೆ, "ಸದ್ಯಕ್ಕೆ ನಾವೇ ಎತ್ತೋಣ" ಎಂದು ಒಟ್ಟಿಗೆ ಬಗ್ಗಿದರು. ಮೂರೂ ಕಚೇರಿಗಳು ಒಂದೇ ದಿಕ್ಕಿಗೆ ಬಗ್ಗಿದ್ದು ಅದೇ ಮೊದಲು.

"ಮುಟ್ಟಬೇಡಿ ಸಾರ್" ಎಂದಳು ತಂಗಿ. "ಎತ್ತಿಸ್ಕೊಂಡು ಹೋಗೋದಾಗಿದ್ರೆ ನಮ್ಮಕ್ಕ ಒಬ್ಬಳೇ ಸಾಕಿತ್ತು."

ಟಪಾಲಕ್ಕ ನನ್ನ ಕಡೆ ನೋಡಲಿಲ್ಲ. ಚೀಲದ ಹಿಡಿಯನ್ನು ಮಾತ್ರ ಗಟ್ಟಿಯಾಗಿ ಹಿಡಿದಿದ್ದರು. ಆ ಬೆರಳುಗಳನ್ನು ನೋಡಿದ್ದೇ ನನ್ನ ಬಾಯಿಂದ ಮಾತು ತಾನಾಗಿ ಹೊರಬಿತ್ತು.

"ಅದು ನನ್ನ ತಪ್ಪು. ನಾನೇ ತಿದ್ದಿದ್ದು."

ಮೇಡಂ ಕಡತ ಕಿತ್ತುಕೊಂಡರು. ಮೇಷ್ಟ್ರು ಇಣುಕಿ, ಟೈಪಾಗಿದ್ದ ಪದವನ್ನೂ ಅದರ ಮೇಲಿನ ನನ್ನ ನೀಲಿಯನ್ನೂ ನೋಡಿದವರೇ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮೂವತ್ತು ವರ್ಷ ವ್ಯಾಕರಣ ಹೇಳಿದೀನಿ. ಅರ್ಕಾವೊತ್ತು ಒಬ್ಬರ ದಾರಿಗೆ ಅಡ್ಡ ಕೂತಿದ್ದು ಇದೇ ಮೊದಲು ನೋಡಿದ್ದು ಕಣಯ್ಯಾ!"

ಸಾಹೇಬರಿಗೂ ನಗು ತಡೆಯಲಾಗಲಿಲ್ಲ. ನಕ್ಕವರು ಅಲ್ಲೇ ಕುಕ್ಕರಗಾಲಲ್ಲಿ ಕೂತು ಮೆಟ್ಟಿಲು ಅಳೆಯಲು ಗೇಣು ಹಾಕತೊಡಗಿದರು. ತಂಗಿ ಕೊರಳಿನ ಟೇಪು ತೆಗೆದು ಚಾಚಿದಳು.

"ಗೇಣಲ್ಲಿ ಅಳೆದ್ರೆ ರವಿಕೆ ಬಿಗಿಯಾಗುತ್ತೆ ಸಾರ್."

ಒಂದು ತುದಿ ಸಾಹೇಬರು, ಇನ್ನೊಂದು ತುದಿ ಅವಳು. ಎತ್ತರ ಹದಿನೆಂಟು ಇಂಚು. "ಕುರ್ಚಿ ತಾನಾಗಿ ಹತ್ತಬೇಕಂದ್ರೆ ಹದಿನೆಂಟಡಿ ಉದ್ದ ಬೇಕಮ್ಮ. ಎದುರಿಗೆ ಕಾಂಪೌಂಡು, ಅಷ್ಟು ಜಾಗ ಎಲ್ಲಿದೆ?"

"ನೇರ ಯಾಕೆ? ಕಂಬದ ಸುತ್ತ ತಿರುಗಿಸಿ. ರವಿಕೆಗೆ ಕೊರಳ ಪಟ್ಟಿ ತಿರುಗಿಸಲ್ವಾ, ಹಾಗೆ."

ಸಾಹೇಬರು ಅವಳನ್ನೂ ಕಂಬವನ್ನೂ ಎರಡು ಸಲ ನೋಡಿದರು. ಮುಚ್ಚಿದ ಕಡತ ತೆರೆಯಲು ಆರು ತಿಂಗಳು ಬೇಕು. ಹಾಗಾಗಿ "ಲ್ಯಾಂಪಿನ ಮುಂದುವರಿದ ಕಾಮಗಾರಿ" ಎಂದು ಬರೆದು, ಮೂವರೂ ಅಲ್ಲೇ, ಮುದ್ದಾಂ ಪುಸ್ತಕವನ್ನೇ ಮೇಜು ಮಾಡಿಕೊಂಡು ಸಹಿ ಹಾಕಿದರು. ನನಗೆ ಮೇಡಂರಿಂದ ಲಿಖಿತ ಎಚ್ಚರಿಕೆ ಬಂತು. ಅದನ್ನು ತಂದುಕೊಟ್ಟದ್ದೂ ಟಪಾಲಕ್ಕನೇ. "ಓದಿ ಸೈನ್ ಮಾಡಿ" ಎಂದರು. ಈ ಸಲ ಮುಖ ನೋಡಿ ಹೇಳಿದರು.

ಟಪಾಲಕ್ಕ ನಿವೃತ್ತರಾಗಿ ಬಹಳ ಕಾಲವಾಯಿತು. ಟೈಪ್‌ರೈಟರೂ ಇಲ್ಲ, ಆ ಸ್ಟೂಲೂ ಇಲ್ಲ. ಈಗ ಎಲ್ಲ ಕಚೇರಿಗಳೂ ತೆರೆಯ ಮೇಲೆ ಕ್ಷಣದಲ್ಲಿ ಒಂದಾಗುತ್ತವೆ. ಓದದೆಯೇ ಸಹಿಯೂ ಆಗುತ್ತದೆ. ಈಚೆಗೆ ಅತ್ತ ಹೋದಾಗ ಬಾಗಿಲಲ್ಲಿದ್ದವರು ನನ್ನ ಮೊಣಕಾಲು ನೋಡಿ ಮರುಕದಿಂದ, "ಮೆಟ್ಟಿಲು ಬೇಡ ಸಾರ್, ಲ್ಯಾಂಪ್ ಮೇಲಿಂದ ಬನ್ನಿ" ಎಂದರು. ಇಳಿಜಾರಿಗೆ ಅಲ್ಲಿ ಇವತ್ತಿಗೂ ಅದೇ ಹೆಸರು. ಕನ್ನಡಕ್ಕೆ ನನ್ನದೊಂದು ಕೊಡುಗೆ ಇದೆಯೆಂದರೆ ಅದೊಂದೇ.

ಆದರೆ ನನಗೆ ನೆನಪಾಗುವುದು ಹೊಸ ತಂಡ ಶುರುವಾದ ಆ ಸೋಮವಾರದ ಬೆಳಿಗ್ಗೆ. ಸಿಮೆಂಟು ಒಣಗಿ ಒಂದು ದಿನವಷ್ಟೇ ಆಗಿತ್ತು. ತಂಗಿ ಎರಡೂ ಗಾಲಿಗೆ ಕೈ ಹಾಕಿ ಹೊರಟಳು. ಕಂಬದ ಬಳಿ ತಿರುವಿನಲ್ಲಿ ಕುರ್ಚಿ ಒಂದು ಚೂರು ಹಿಂದೆ ಜಾರಿತು. ಟಪಾಲಕ್ಕನ ಎರಡೂ ಕೈ ತಾವಾಗಿ ಮುಂದೆ ಹೋದವು.

"ಕೈ ತೆಗಿ ಅಕ್ಕಾ."

ಕೈ ತೆಗೆದರು. ತೆಗೆದ ಕೈಗಳನ್ನು ಎಲ್ಲಿಡುವುದೆಂದು ಅವರಿಗೆ ತಿಳಿಯಲಿಲ್ಲ. ಚೀಲದೊಳಗೆ ಹಾಕಿ ಮುದ್ದಾಂ ಪುಸ್ತಕ ತೆಗೆದರು. ತಂಗಿ ಬಾಗಿಲು ದಾಟಿದ್ದೇ, ಹೊಲಿಗೆ ಟೀಚರಿಗೆ ಪುಸ್ತಕ ಚಾಚಿ, "ಸೈನ್ ಮಾಡಿಮ್ಮಾ, ತಲುಪಿದೆ ಅಂತ" ಎಂದರು.

ಟೀಚರ್ ಪೆನ್ನಿಗೆ ಕೈ ಹಾಕುವಷ್ಟರಲ್ಲಿ ತಂಗಿ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು.

"ನನ್ನನ್ನ ಯಾರೂ ತಂದುಕೊಟ್ಟಿಲ್ಲ. ನಾನೇ ಬಂದಿರೋದು, ನಾನೇ ಹಾಕ್ತೀನಿ" ಎಂದು, ದಾರ ಕಟ್ಟಿದ ಪೆನ್ನಿನಿಂದ ದೊಡ್ಡದಾಗಿ ಸಹಿ ಹಾಕಿದಳು.

ಟಪಾಲಕ್ಕ ಅದನ್ನು ನಿಧಾನವಾಗಿ ಓದಿದರು. ಓದಿ, ಪುಸ್ತಕ ಮಡಿಚಿ, ಇಪ್ಪತ್ತೆರಡು ಮೆಟ್ಟಿಲು ಹತ್ತಲು ಹೋದರು.